ಪನಾಮಾ ಸಿಟಿಯಲ್ಲಿ ಎಲ್ಲಿ ಉಳಿಯಬೇಕು: ಕಾಸ್ಕೊ ವಿಯೆಹೊನಾ, ಎಲ್ ಕಾಂಗ್ರೆಹೊನಾ?

ನಾನು, ಹೆಂಡತಿ, ಅಮ್ಮ ಹ್ಯೂಸ್ಟನ್‌ನಿಂದ ಐದು ರಾತ್ರಿಗೆ ಪನಾಮಾ ಸಿಟಿಗೆ ಹೋಗಿದ್ದೆವು. ಎರಡು ರಾತ್ರಿ ಹಳೇ ಊರು ಕಾಸ್ಕೊ ವಿಯೆಹೊದಲ್ಲಿ, ಮೂರು ರಾತ್ರಿ ಎಲ್ ಕಾಂಗ್ರೆಹೊ ಬಡಾವಣೆಯಲ್ಲಿ. ಇನ್ನೊಂದು ಸಲ ಹೋದರೆ ಐದೂ ಎಲ್ ಕಾಂಗ್ರೆಹೊದಲ್ಲೇ.

ಕಾಸ್ಕೊ ಚೆನ್ನಾಗಿಲ್ಲ ಅಂತಲ್ಲ. 1671ರಲ್ಲಿ ಕಡಲ್ಗಳ್ಳ ಹೆನ್ರಿ ಮಾರ್ಗನ್ ದಾಳಿಗೆ ಮೊದಲಿನ ಪನಾಮಾ ಹಾಳಾದ ಮೇಲೆ, 1673ರಲ್ಲಿ ಇಲ್ಲಿ ಹೊಸದಾಗಿ ಕಟ್ಟಿದ ಊರು ಇದು. ಇಟ್ಟಿಗೆ ಹಾಸಿದ ಬೀದಿ, ಸ್ಯಾನ್ ಹೋಸೆ ಚರ್ಚಿನ ಚಿನ್ನದ ಪೀಠ, ಎಲ್ಲ ಹಗಲಿಗೆ ಸೊಗಸು.

ರಾತ್ರಿಯದ್ದೇ ಗೋಳು. ಶುಕ್ರವಾರ ರೂಮಿಗೆ ಹೋದರೆ ಅಮ್ಮನ ದಿಂಬಿನ ಮೇಲೆ ಸಣ್ಣ ಪೊಟ್ಟಣ. ಚಾಕಲೇಟ್ ಅಂದುಕೊಂಡು ಬಿಚ್ಚಿದರು. ಒಳಗೆ ಕಿತ್ತಳೆ ಬಣ್ಣದ ಎರಡು ಇಯರ್‌ಪ್ಲಗ್! ನನಗೆ ಆಗಲೇ ಅರ್ಥವಾಗಬೇಕಿತ್ತು, ಅಲ್ವಾ?

ಹತ್ತು ಗಂಟೆಗೆ ಎದುರು ತಾರಸಿಯ ಬಾರ್‌ನಲ್ಲಿ ಡ್ರಮ್ ಶುರುವಾಯಿತು. ಕಿಟಕಿ ಮುಚ್ಚಿದರೆ ಚಿಲಕ ಅದೇ ತಾಳಕ್ಕೆ ಟಕಟಕ ಅನ್ನುತ್ತಿತ್ತು. ವಿಮಾನದ ಬೋರ್ಡಿಂಗ್ ಪಾಸ್ ಮಡಚಿ ಸಂದಿಗೆ ಸಿಕ್ಕಿಸಿದೆ. ಚಿಲಕ ಸುಮ್ಮನಾಯಿತು, ಬಾರ್ ಸುಮ್ಮನಾಗಿದ್ದು ಮೂರು ಗಂಟೆಗೆ. ಅಮ್ಮ ಏಳುವುದೇ ಐದಕ್ಕೆ. ಬೆಳಿಗ್ಗೆ ರೂಮು ಬದಲಿಸಿ ಕೊಡಿ ಅಂದರೆ ಕೌಂಟರಿನ ಹುಡುಗ ನಗುತ್ತಾ ಇನ್ನೂ ಮೂರು ಪೊಟ್ಟಣ ಕೊಟ್ಟ. ಶನಿವಾರ ರಾತ್ರಿಯೂ ಅದೇ ಕಥೆ.

ಎಲ್ ಕಾಂಗ್ರೆಹೊದಲ್ಲಿ ನೋಡಲು ಐನ್‌ಸ್ಟೈನ್ ತಲೆಯ ದೊಡ್ಡದೊಂದು ಶಿಲ್ಪ ಬಿಟ್ಟರೆ ಹೆಚ್ಚೇನಿಲ್ಲ. ಆದರೆ ನಿದ್ದೆ ಬಂತು. ಬಾಡಿಗೆಯೂ ಕಾಸ್ಕೊದ ಅರ್ಧ, ಜೊತೆಗೆ ಅಡುಗೆಮನೆ. ಸಸ್ಯಾಹಾರಿಗಳಿಗೆ ಇದು ದೊಡ್ಡ ವಿಷಯ. ಬಾಳೆಕಾಯಿಯನ್ನು ಚಪ್ಪಟೆ ಒತ್ತಿ ಎರಡು ಸಲ ಕರಿಯುವ ಪಟಕೋನೆಸ್ ಎಲ್ಲ ಕಡೆ ಸಿಗುತ್ತದೆ. ಅದಕ್ಕೆ ಅಮ್ಮ ಚಟ್ನಿಪುಡಿ ಉದುರಿಸಿ, ಪಕ್ಕದಲ್ಲಿ ತಿಳಿಸಾರು ಇಟ್ಟುಕೊಂಡರು.

ವಿಯಾ ಆರ್ಹೆಂಟಿನಾ ಮೆಟ್ರೋ ನಡೆದು ಹೋಗುವಷ್ಟು ದೂರ. ಒಂದನೇ ಲೈನಿಗೆ 35 ಸೆಂಟ್, ಒಂದೇ ಕಾರ್ಡನ್ನು ಮೂವರಿಗೂ ಉಜ್ಜಿದೆವು. ಕೊನೇ ಸ್ಟೇಷನ್ ಆಲ್ಬ್ರೂಕ್‌ನಲ್ಲಿ ಇಳಿದರೆ ಪನಾಮಾ ಕಾಲುವೆಯ ಮಿರಾಫ್ಲೋರೆಸ್‌ಗೆ ಬಸ್ಸು. ಕಾಲುವೆಯ ತೊಟ್ಟಿಗೆ ನೀರು ತುಂಬಿಸಿ ಹಡಗನ್ನು ಮೇಲೆತ್ತುವುದನ್ನು ಅಲ್ಲೇ ನೋಡುವುದು. ಆಲ್ಬ್ರೂಕ್‌ಗೆ ಮೊದಲಿನ ಸ್ಟೇಷನ್ ಸಿಂಕೊ ದೆ ಮಾಯೊದಲ್ಲಿ ಇಳಿದರೆ ಕಾಸ್ಕೊಗೆ ನಡೆದೇ ಹೋಗಬಹುದು.

ಪಾರ್ಟಿ ಮಾಡುವ ವಯಸ್ಸಿನವರು ಕಾಸ್ಕೊದಲ್ಲೇ ಉಳಿಯಿರಿ, ನನ್ನದೇನೂ ತಕರಾರಿಲ್ಲ. ಕೊನೆಯ ಸಂಜೆ ನಾವೂ ಹೋಗಿ ಐಸ್‌ಕ್ರೀಮ್ ತಿಂದೆವು. ವಾಪಸ್ ಬರುವಾಗ ಆ ಬಾರ್‌ನವರು ಸ್ಪೀಕರ್ ಜೋಡಿಸುತ್ತಿದ್ದರು. "ನಡೀರಪ್ಪಾ ಬೇಗ" ಅಂದರು ಅಮ್ಮ.