ನುಗ್ಗೆ ಸೊಪ್ಪಿನ ಪುಡಿ: ಅಂಗಡಿಯದೋ, ಗಿರಣಿಯದೋ, ಮಿಕ್ಸರ್‌ದೋ?

ನಮ್ಮ ಮನೆಯಲ್ಲಿ ಈಗ ನುಗ್ಗೆ ಸೊಪ್ಪನ್ನು ಮಿಕ್ಸರ್‌ನಲ್ಲೇ ಪುಡಿ ಮಾಡುತ್ತೇವೆ, ಅದೂ ವಾರಕ್ಕೆ ಬೇಕಾದಷ್ಟೇ. ಅಂಗಡಿಯ ಸೂಪರ್ ಫೈನ್ ಪುಡಿ ತಂದು ನೋಡಿದ್ದಾಯಿತು, ಓಣಿಯ ಗಿರಣಿಗೆ ಕೊಟ್ಟು ನೋಡಿದ್ದಾಯಿತು. ನನ್ನ ಮನಸ್ಸು ಮಿಕ್ಸರ್ ಕಡೆಗೇ.

ಅಂಗಡಿಯ ಪುಡಿ ಮುಖಕ್ಕೆ ಹಚ್ಚುವ ಪೌಡರ್‌ನಷ್ಟು ನುಣ್ಣಗಿತ್ತು. ಆ ನುಣುಪಿನಿಂದ ಲಾಭ ಇದ್ದೇ ಇದೆ. ಎಲೆಯ ಒಂದು ಜೀವಕೋಶ ಕೆಲವೇ ಹತ್ತಾರು ಮೈಕ್ರಾನ್ ಇರುತ್ತದೆ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್). ನಮ್ಮ ಮೈಯಲ್ಲಿ ವಿಟಮಿನ್ ಎ ಆಗುವ ಬೀಟಾ ಕ್ಯಾರೊಟಿನ್ ಅದರೊಳಗೆ ಕೂತಿರುತ್ತದೆ. ಕೋಶದ ಗೋಡೆಯನ್ನು ಕರಗಿಸುವ ಶಕ್ತಿ ನಮ್ಮ ಹೊಟ್ಟೆಗಿಲ್ಲ. 100 ಮೆಶ್, ಅಂದರೆ ಇಂಚಿಗೆ 100 ಕಣ್ಣಿರುವ ಜರಡಿಯ ಒಂದು ಕಣ್ಣು ಸುಮಾರು 150 ಮೈಕ್ರಾನ್. ಅದರಲ್ಲಿ ಇಳಿದ ಕಣದೊಳಗೂ ಒಡೆಯದ ಕೋಶಗಳು ಉಳಿದಿರುತ್ತವೆ. ಇನ್ನೂ ಸಣ್ಣಗೆ ಬೀಸಿದರೆ ಗೋಡೆ ಒಡೆದು ಸತ್ವ ಸುಲಭವಾಗಿ ಹೊರಗೆ ಬರುತ್ತದೆ.

ತೊಂದರೆ ಶುರುವಾಗಿದ್ದು ಪ್ಯಾಕೆಟ್ ಕತ್ತರಿಸಿದ ಮೇಲೆ. ಅರ್ಧ ಕಿಲೋ ತಂದಿದ್ದೆ, ದೊಡ್ಡದು ಅಗ್ಗ ಬೀಳುತ್ತದೆ ಅಂತ. ತಂದಾಗ ಕಡು ಹಸಿರಿತ್ತು. ವಿಜಯಪುರದ ಬೇಸಿಗೆಯಲ್ಲಿ ಅಡುಗೆಮನೆ ಹೇಗೆ ಕಾಯುತ್ತದೆ ಗೊತ್ತಲ್ವಾ? ಆ ಬೇಸಿಗೆ ಕಳೆಯುವಷ್ಟರಲ್ಲಿ ಪುಡಿ ಕಂದು ಬಣ್ಣಕ್ಕೆ ತಿರುಗಿತು, ಒಣ ಹುಲ್ಲಿನ ವಾಸನೆ ಬಂತು. ಮಳೆ ಹಿಡಿದಾಗ ಉಳಿದದ್ದು ಹೆಂಟೆ ಕಟ್ಟಿತು. ಚಮಚದಿಂದ ಎಷ್ಟು ಒಡೆದರೂ ಮಜ್ಜಿಗೆಯಲ್ಲಿ ಕದಡದೆ ಗಂಟು ಗಂಟಾಗಿ ತೇಲುತ್ತಿತ್ತು.

ಇದಕ್ಕೂ ಸಣ್ಣಗೆ ಬೀಸಿದ್ದೇ ಕಾರಣ. ಕಣದ ಅಡ್ಡಳತೆ ಹತ್ತನೇ ಒಂದಕ್ಕೆ ಇಳಿದರೆ, ಅಷ್ಟೇ ತೂಕದ ಪುಡಿಯ ಹೊರಮೈ ಹತ್ತು ಪಟ್ಟಾಗುತ್ತದೆ. ಅಷ್ಟೂ ಮೈಗೆ ಗಾಳಿ, ತೇವ, ಬೆಳಕು ತಾಗುತ್ತವೆ. ಬೀಟಾ ಕ್ಯಾರೊಟಿನ್ ಗಾಳಿ ಬೆಳಕಿಗೆ ಬೇಗ ಕೆಡುತ್ತದೆ, ಎಲೆಯಲ್ಲಿರುವ ಪಾಲಿಫಿನಾಲ್ ಅನ್ನುವ ಸತ್ವಗಳೂ ಹಾಗೇ. ಬೀಸಿದ ಕೂಡಲೇ ತಿಂದರೆ ಸರಿ. ಗೋದಾಮಿನಲ್ಲಿ ಕೆಲವು ತಿಂಗಳು, ಆಮೇಲೆ ನಮ್ಮ ಡಬ್ಬಿಯಲ್ಲಿ ಕೆಲವು ತಿಂಗಳು ಕೂತ ಪುಡಿಯಲ್ಲಿ ಏನು ಉಳಿದೀತು? ಪ್ಯಾಕೆಟ್ ಮೇಲೆ ಪ್ಯಾಕ್ ಮಾಡಿದ ತಾರೀಖು ಇತ್ತು, ಬೀಸಿದ ತಾರೀಖು ಇರಲಿಲ್ಲ. ನನಗೆ ತುಂಬಾ ಬೇಜಾರಾಗಿದ್ದು ಇದೇ. ಮನೆಯವರ ಆರೋಗ್ಯಕ್ಕೆ ಅಂತ ದುಡ್ಡು ಕೊಡುವವರಿಗೆ ಅದು ಗೊತ್ತಾಗಬೇಕು.

ಗಿರಣಿಯಲ್ಲಿ ಖರ್ಚು ಕಡಿಮೆ. ಆದರೆ ಪುಡಿ ಕೈ ಸುಡುವಷ್ಟು ಬಿಸಿಯಾಗಿ ಬಂತು, ಹಿಂದೆ ಬೀಸಿದ ಖಾರದ ಘಾಟೂ ಸೇರಿತ್ತು. ಜೋಳಕ್ಕೆ ಗಿರಣಿ ಬೇಕೇ ಬೇಕು, ಸೊಪ್ಪಿಗೆ ಬೇಡ.

ಮಿಕ್ಸರ್‌ಗೆ ನಾವು ಎಲೆಯನ್ನು ಮಾಳಿಗೆಯ ಬಿಸಿಲಿಗೆ ಹಾಕುವುದಿಲ್ಲ, ಒಳಗೆ ನೆರಳಲ್ಲೇ ಒಣಗಿಸುತ್ತೇವೆ. ಒಣಗಿದ ಎಲೆಯನ್ನು ಇಡಿಯಾಗಿಯೇ ಡಬ್ಬಿಗೆ ತುಂಬುತ್ತೇವೆ. ಬೇಕಾದಾಗ ಸ್ವಲ್ಪ ತೆಗೆದು, ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿದರಾಯಿತು, ಜಾರ್ ಬಿಸಿಯಾಗುವುದಿಲ್ಲ. ಪುಡಿ ತರಿತರಿಯಾಗಿಯೇ ಉಳಿಯುತ್ತದೆ. ಮಜ್ಜಿಗೆಯಲ್ಲಿ ಕುಡಿದರೆ ಗಂಟಲಿಗೆ ತಾಗುತ್ತದೆ, ನಿಜ. ನಮ್ಮಲ್ಲಿ ಅದು ಜಾಸ್ತಿ ಹೋಗುವುದು ಬೇಳೆಗೆ, ಶೇಂಗಾ ಹಿಂಡಿಗೆ (ಚಟ್ನಿಪುಡಿಗೆ). ಬೇಳೆಯಲ್ಲಿ ಕುದಿದಾಗ ಕೋಶದ ಗೋಡೆ ಮೆತ್ತಗಾಗುತ್ತದೆ. ಹಿಂಡಿಯಲ್ಲಿ ಶೇಂಗಾ ಇದೆ, ಮೇಲೆ ಕುಸುಬಿ ಎಣ್ಣೆ ಬೀಳುತ್ತದೆ. ಬೀಟಾ ಕ್ಯಾರೊಟಿನ್ ಮೈಗೆ ಹತ್ತಲು ಈ ಜಿಡ್ಡು ಬೇಕು. ಸುಮ್ನೆ ನೀರಿಗೆ ಕಲಸಿ ಕುಡಿದರೆ, ಎಷ್ಟೇ ನುಣ್ಣಗಿದ್ದರೂ ಹೆಚ್ಚು ಲಾಭವಿಲ್ಲ.

ಕ್ಯಾಲ್ಸಿಯಂ, ಕಬ್ಬಿಣ ಬೀಸುವ ಬಿಸಿಗೆ ಹಾಳಾಗುವುದಿಲ್ಲ. ವಿಟಮಿನ್ ಸಿ ಒಣಗಿಸುವಾಗಲೇ ಬಹಳಷ್ಟು ಹೋಗಿರುತ್ತದೆ, ಅದಕ್ಕೆ ಊಟದಲ್ಲಿ ನಮ್ಮ ಜಿಲ್ಲೆಯ ಇಂಡಿ ಊರಿನ ನಿಂಬೆಹಣ್ಣು ಇದ್ದೇ ಇದೆ.

ಹಿತ್ತಲಲ್ಲೇ ಮರ ಇರುವ ನಮಗೆ ಪ್ಯಾಕೆಟ್‌ಗೆ ಅಷ್ಟು ದುಡ್ಡು ಹಾಕುವ ಕಾರಣವಿಲ್ಲ. ನಿಮಗೆ ನುಣ್ಣನೆಯದೇ ಬೇಕಿದ್ದರೆ ಸಿಗುವ ಅತಿ ಸಣ್ಣ ಪ್ಯಾಕೆಟ್ ತಗೊಳ್ಳಿ. ಬೆಳಕು ತಾಗದ ಬಿಗಿ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಹೊರಗೆ ತೆಗೆದ ಕೂಡಲೇ ಮುಚ್ಚಳ ತೆಗೆಯಬೇಡಿ, ತಣ್ಣನೆ ಪುಡಿ ತೇವ ಎಳೆದುಕೊಳ್ಳುತ್ತದೆ.