ಅಜೆಲೈಕ್ ಆ್ಯಸಿಡ್ ಜೆಲ್: 14 ತಿಂಗಳು ಹಚ್ಚಿದ ಮೇಲೆ

ಮೊಡವೆಗೂ ಅದರ ಕಲೆಗೂ ಹಚ್ಚುವ ಜೆಲ್ ಇದು. ಮೊದಲು ತುರಿಕೆಯ ವಿಷಯ ಹೇಳಿಬಿಡುತ್ತೇನೆ. ಹಚ್ಚಿದ ಐದೇ ನಿಮಿಷಕ್ಕೆ ಕೆನ್ನೆ ಮೇಲೆ ಇರುವೆ ಹರಿದಾಡಿದ ಹಾಗೆ! ಮೂರು ವಾರ ಇದೇ ಪಾಡು. ಎರಡು ಸಲ ರಾತ್ರಿ ಎದ್ದು ಮುಖ ತೊಳೆದುಕೊಂಡೆ. ಶುರುವಿನಲ್ಲಿ ಹೀಗಾಗುವುದು ಮಾಮೂಲು ಅಂತ ಅಂಗಡಿಯಲ್ಲಿ ಒಂದು ಮಾತು ಹೇಳಬಹುದಿತ್ತು ಅಲ್ವಾ? ಒದ್ದೆ ಮುಖಕ್ಕೆ ಹಚ್ಚಿದರೆ ಉರಿ ಜಾಸ್ತಿ. ಮುಖ ಪೂರ್ತಿ ಒಣಗಿದ ಮೇಲೆ ಮಾಯಿಶ್ಚರೈಸರ್, ಅದರ ಮೇಲೆ ಕಡಲೆಕಾಳಿನಷ್ಟು ಜೆಲ್, ಅದೂ ದಿನ ಬಿಟ್ಟು ದಿನ. ಹೀಗೆ ಮಾಡಿದ ಮೇಲೆ ಹತೋಟಿಗೆ ಬಂತು.

ನನ್ನದು ಎಣ್ಣೆಗಪ್ಪು ಬಣ್ಣ. ಮೊಡವೆ ವಾರದಲ್ಲಿ ಒಣಗುತ್ತದೆ, ಕಲೆ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ. ಉರಿಯೂತ ಆದ ಜಾಗದಲ್ಲಿ ಚರ್ಮ ಮೆಲನಿನ್ ಅನ್ನುವ ಕಪ್ಪು ಬಣ್ಣದ ವಸ್ತುವನ್ನು ಜಾಸ್ತಿ ಮಾಡಿಬಿಡುತ್ತದೆ. ಈ ಜೆಲ್ ಅದನ್ನು ತಯಾರಿಸುವ ಟೈರೋಸಿನೇಸ್ ಕಿಣ್ವವನ್ನು ತಡೆಯುತ್ತದೆ, ಮೊಡವೆಯನ್ನೂ ಇಳಿಸುತ್ತದೆ. ಇದಕ್ಕೂ ಮುಂಚೆ ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ಕೊಟ್ಟ ಕ್ರೀಮ್ ಹಚ್ಚಿದ್ದೆ. ಎರಡು ವಾರ ಮುಖ ಫಳಫಳ, ಆಮೇಲೆ ಕೆಂಪು, ಉರಿ. ಅದರಲ್ಲಿ ಬಣ್ಣ ತಿಳಿ ಮಾಡುವ ಹೈಡ್ರೋಕ್ವಿನೋನ್ ಜೊತೆ ಸ್ಟೆರಾಯ್ಡ್ ಇತ್ತು. ಚರ್ಮದ ಡಾಕ್ಟರ್ ನೋಡಿ ಬಿಡಿಸಿದರು. ದಯವಿಟ್ಟು ಅಂಥದ್ದನ್ನು ಕೇಳಿ ತರಬೇಡಿ. ಅಮ್ಮನ ನಿಂಬೆರಸವೂ ಬೇಡ. ಅದು ಉರಿಸಿ ಇನ್ನಷ್ಟು ಕಪ್ಪು ಮಾಡುತ್ತದೆ.

ನಾಲ್ಕನೇ ತಿಂಗಳವರೆಗೆ ದುಡ್ಡು ದಂಡ ಅಂತಲೇ ಅನ್ನಿಸಿತ್ತು. ಪ್ರತಿ ತಿಂಗಳ ಒಂದನೇ ತಾರೀಖು ಅದೇ ಕಿಟಕಿ ಹತ್ತಿರ ಫೋಟೋ ತೆಗೆಯುತ್ತಿದ್ದೆ. ಏಳನೆಯದನ್ನು ಮೊದಲನೆಯದರ ಪಕ್ಕ ಇಟ್ಟು ನೋಡಿದಾಗ ಕಣ್ಣು ತುಂಬಿಬಂತು. ಕೆನ್ನೆಯ ಕಲೆಗಳು ಕಾಫಿ ಡಿಕಾಕ್ಷನ್ ಬಣ್ಣದಿಂದ ಹಾಲು ಜಾಸ್ತಿ ಹಾಕಿದ ಟೀ ಬಣ್ಣಕ್ಕೆ ಬಂದಿದ್ದವು.

ಇದರಲ್ಲಿ ಅರ್ಧ ಪಾಲು ಬೆಳಗಿನ ಸನ್‌ಸ್ಕ್ರೀನ್‌ನದು. ಮೋಡ ಮುಚ್ಚಿದ ತಂಪು ಬೆಂಗಳೂರಲ್ಲಿ ಯಾಕೆ ಬೇಕು ಅಂದುಕೊಂಡಿದ್ದೆ. ಊರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಎತ್ತರ ಹೆಚ್ಚಿದಷ್ಟೂ ಬಿಸಿಲಿನ ಅತಿನೇರಳೆ ಕಿರಣ ಜೋರು, ಅದು ಮೋಡವನ್ನೂ ದಾಟುತ್ತದೆ. ಕಣ್ಣಿಗೆ ಕಾಣುವ ಬೆಳಕೂ ನಮ್ಮಂಥ ಬಣ್ಣದವರ ಕಲೆ ಕಪ್ಪಾಗಿಸುತ್ತದೆ. ಅದಕ್ಕೆ ಆ ಬೆಳಕನ್ನೂ ತಡೆಯುವ ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ತಗೊಂಡೆ. ಫಿಲ್ಟರ್‌ನಲ್ಲಿ ಡಿಕಾಕ್ಷನ್ ತೊಟ್ಟಿಕ್ಕುವಾಗ ಎರಡು ಬೆರಳುದ್ದ ಹಿಂಡಿಕೊಂಡು ಹಣೆ, ಕೆನ್ನೆ, ಕಿವಿಯ ಅಂಚು, ಕುತ್ತಿಗೆವರೆಗೆ ನಿಧಾನವಾಗಿ ಹಚ್ಚುತ್ತೇನೆ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಕೂತಿರುತ್ತದೆ. ಬೂದಿ ಬಳಿದ ಹಾಗೆ ಕಾಣುವುದಿಲ್ಲ, ಅದೇ ದೊಡ್ಡ ಖುಷಿ.

ಚರ್ಮಕ್ಕೆ ಅಂತ ತಿಂಗಳಿಗೆ 700 ರೂಪಾಯಿ ಮೀರಬಾರದು ಅನ್ನುವುದು ನನ್ನ ಲೆಕ್ಕ. ಜೆಲ್, ಸನ್‌ಸ್ಕ್ರೀನ್ ಎರಡೂ ಅದರಲ್ಲಿ ಮುಗಿಯುತ್ತವೆ, ಹಾಗಾಗಿ ಮುಂದುವರಿಸುತ್ತೇನೆ.

ಗದ್ದದ ಕಲೆ ಮಾತ್ರ ಬೂದುಬಣ್ಣಕ್ಕಿದೆ. ಬಣ್ಣ ಚರ್ಮದ ಆಳಕ್ಕೆ ಇಳಿದಿದೆ, ವರ್ಷಗಳೇ ಹಿಡಿಯಬಹುದು ಎಂದರು ಡಾಕ್ಟರ್. ಅಲ್ಲಿ ದಿನಾ ಹೆಲ್ಮೆಟ್ ಪಟ್ಟಿ ಉಜ್ಜುತ್ತದೆ. ಹಳೆ ಕಾಟನ್ ಸೀರೆಯ ತುಂಡು ಹೊಲಿದು ಪಟ್ಟಿಗೆ ಸುತ್ತಿದ್ದೇನೆ, ವಾರಕ್ಕೆರಡು ಸಲ ಒಗೆಯುತ್ತೇನೆ. ಎರಡು ತಿಂಗಳಿಂದ ಅಲ್ಲಿ ಹೊಸ ಮೊಡವೆ ಎದ್ದಿಲ್ಲ.