ಐದು ಕಿಲೋ ನಿಂಬೆ ಉಪ್ಪು ಮತ್ತು ನನ್ನ ತುಕ್ಕು ಹಿಡಿದ ಸ್ಪಿಟ್‌ಫೈರ್

“ಏನೋ ಇದು, ಐದು ಕಿಲೋ ನಿಂಬೆ ಉಪ್ಪು! ಚಿತ್ರಾನ್ನದ ಅಂಗಡಿ ಇಡ್ತೀಯಾ?” ಪಾರ್ಸಲ್ ಬಿಚ್ಚಿದಾಗ ಅಮ್ಮ ಕೇಳಿದ ಪ್ರಶ್ನೆ ಇದು. ಕಾರಿಗೆ ಅಂದೆ. ನಂಬಲಿಲ್ಲ.

ಆನ್‌ಲೈನಲ್ಲಿ ತರಿಸಿದ ಸಾದಾ ಸಿಟ್ರಿಕ್ ಆಸಿಡ್ ಅದು. ಬಿಳಿ ಪುಡಿ, 5 ಕಿಲೋ ಚೀಲ, ಬೆಲೆ 18 ಪೌಂಡ್. ತುಕ್ಕು ಬಿಡಿಸೋಕೆ ಏಳು ತಿಂಗಳು ಬಳಸಿದ್ದೇನೆ. ಮನೆಯಲ್ಲೇ ಹಳೇ ಕಾರು ಬಿಚ್ಚಿಕೊಂಡು ಕೂತಿರುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ನಾವಿರುವುದು ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ಟ್ರಯಂಫ್ ಸ್ಪಿಟ್‌ಫೈರ್ ಕಾರು 1962ರಿಂದ 1980ರವರೆಗೆ ತಯಾರಾದದ್ದು ಇದೇ ಊರಿನ ಕ್ಯಾನ್ಲಿ ಕಾರ್ಖಾನೆಯಲ್ಲಿ. ನನ್ನದು 1972ರ ಮಾರ್ಕ್ 4, 1296 ಸಿಸಿ. ಯಾರದೋ ಶೆಡ್ಡಿನಲ್ಲಿ 19 ವರ್ಷ ಟಾರ್ಪಾಲ್ ಹೊದ್ದುಕೊಂಡು ನಿಂತಿತ್ತು. ಟಾರ್ಪಾಲ್ ಹೊದಿಸಿದರೆ ಕಾರು ಸುರಕ್ಷಿತ ಅಂತ ತಿಳಿದುಕೊಳ್ಳುವವರು ಒಮ್ಮೆ ನನ್ನ ಕಾರಿನ ಅಡಿ ನೋಡಬೇಕು, ತೇವ ಒಳಗೇ ಕೂತು ಬೆವರಿ ಬೆವರಿ ತಿಂದುಹಾಕಿದೆ.

ಇದೇ ಕಾರು ಯಾಕೆ ಅಂದರೆ, ಶಿವಮೊಗ್ಗದಲ್ಲಿ ನಮ್ಮ ದೊಡ್ಡಪ್ಪನ ಹತ್ತಿರ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಇತ್ತು, ಮದ್ರಾಸಿನಲ್ಲಿ ತಯಾರಾದದ್ದು. ಹೆರಾಲ್ಡಿನ ಚಾಸಿಯನ್ನೇ, ಅಂದರೆ ಅಡಿಯ ಉಕ್ಕಿನ ಚೌಕಟ್ಟನ್ನೇ, ಗಿಡ್ಡ ಮಾಡಿಕೊಂಡು ಕಟ್ಟಿದ ಕಾರು ಈ ಸ್ಪಿಟ್‌ಫೈರ್. ಎರಡರ ಮೈಕಟ್ಟೂ ಇಟಲಿಯ ಜೊವಾನಿ ಮಿಕೆಲೊಟ್ಟಿಯ ಕೈಯದು. ಬಾನೆಟ್ ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತದೆ, ಎಂಜಿನ್ ಪೂರ್ತಿ ಬಯಲಿಗೆ ಬರುತ್ತದೆ. ಚಿಕ್ಕವನಿದ್ದಾಗ ಮುಂದಿನ ಟೈರಿನ ಮೇಲೆ ಕೂತು ದೊಡ್ಡಪ್ಪನಿಗೆ ಸ್ಪ್ಯಾನರ್ ಕೊಡುತ್ತಿದ್ದೆ. ಈಗ ಅದೇ ಜಾಗದಲ್ಲಿ ನಾನೇ ಕೂರುತ್ತೇನೆ, ಸ್ಪ್ಯಾನರ್ ಕೊಡೋಕೆ ಯಾರೂ ಬರುವುದಿಲ್ಲ.

ಸರಿ, ಪುಡಿಯ ವಿಷಯಕ್ಕೆ ಬರುತ್ತೇನೆ. ಒಂದು ಲೀಟರ್ ನೀರಿಗೆ 80 ಗ್ರಾಂ ಹಾಕಿದೆ. 50ರಿಂದ 100 ಗ್ರಾಂವರೆಗೆ ಎಷ್ಟಾದರೂ ನಡೆಯುತ್ತದೆ. ಹಳೇ ಪ್ಲಾಸ್ಟಿಕ್ ಡಬ್ಬ, 15 ಲೀಟರ್ ಬಿಸಿನೀರು. ಅದರಲ್ಲಿ ಬಾಗಿಲಿನ ಕೀಲು, ಬ್ರಾಕೆಟ್ಟು, ಬೋಲ್ಟು ಎಲ್ಲ ಮುಳುಗಿಸಿ ರಾತ್ರಿ ಬಿಟ್ಟುಬಿಡುವುದು. ಹಾಕುವ ಮುಂಚೆ ಗ್ರೀಸು, ಎಣ್ಣೆ ಪೂರ್ತಿ ತೊಳೆದಿರಬೇಕು, ಜಿಡ್ಡಿರುವ ಕಡೆ ಆಸಿಡ್ ಮುಟ್ಟುವುದೇ ಇಲ್ಲ. ಜನವರಿಯಲ್ಲಿ ನಮ್ಮ ಗ್ಯಾರೇಜು ಐದು ಡಿಗ್ರಿ. ಮೊದಲ ರಾತ್ರಿ ಏನೂ ಆಗಲಿಲ್ಲ. ಆಮೇಲೆ ಮೀನಿನ ತೊಟ್ಟಿಗೆ ಹಾಕುವ ಹೀಟರ್ ತಂದು ಇಳಿಬಿಟ್ಟೆ. ಬೆಳಗ್ಗೆ ನೋಡಿದರೆ ನೀರು ಹಳದಿ ಹಸಿರು, ಸಣ್ಣ ಸಣ್ಣ ಗುಳ್ಳೆ ಏಳುತ್ತಿದೆ.

ಕೀಲನ್ನು ಎತ್ತಿದಾಗ ಮೇಲೆಲ್ಲ ಕಪ್ಪು ಮಸಿ. ನಿರಾಸೆ ಆಯಿತು, ಸುಳ್ಳು ಹೇಳಲ್ಲ. ನಲ್ಲಿ ಕೆಳಗೆ ಹಿಡಿದು ಹಳೇ ಟೂತ್‌ಬ್ರಷ್‌ನಲ್ಲಿ ಎರಡು ಸಲ ಉಜ್ಜಿದೆ, ಅಷ್ಟೇ. ಮಸಿ ಕೆನೆಯ ಹಾಗೆ ಜಾರಿ ಹೋಯಿತು, ಕೆಳಗೆ ಬೂದು ಬಣ್ಣದ ಬರಿಯ ಕಬ್ಬಿಣ. ಅಮ್ಮ ಕಿಟಕಿಯಿಂದ ನೋಡಿ, “ಹುಣಸೆಹಣ್ಣು ಹಾಕಿ ಕೊಡ ತಿಕ್ಕಿದ ಹಾಗೇ ಅಲ್ವಾ” ಅಂದಳು. ಹಾಗೇ. ಹುಳಿಯ ಕೆಲಸ ಎಲ್ಲ ಕಡೆ ಒಂದೇ, ಇಲ್ಲಿ ಅದು ತುಕ್ಕನ್ನು ಕರಗಿಸಿ ನೀರಿನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ತಮಾಷೆ ಏನಂದರೆ ಈಗಿನ ನಿಂಬೆ ಉಪ್ಪಿನಲ್ಲಿ ನಿಂಬೆಯೇ ಇಲ್ಲ, ಸಕ್ಕರೆ ಪಾಕದಲ್ಲಿ ಆಸ್ಪರ್‌ಜಿಲಸ್ ನೈಗರ್ ಅನ್ನುವ ಕಪ್ಪು ಬೂಷ್ಟು ಬೆಳೆಸಿ ತೆಗೆಯುತ್ತಾರೆ.

ಹೊರಗೆ ತೆಗೆದ ಮೇಲಿನ ಹತ್ತು ನಿಮಿಷವೇ ಮುಖ್ಯ. ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಅದ್ದಿ, ಒರೆಸಿ, ಹೇರ್ ಡ್ರೈಯರ್‌ನಲ್ಲಿ ಒಣಗಿಸಿ, ತಕ್ಷಣ ಎಣ್ಣೆ ಅಥವಾ ಪ್ರೈಮರ್. ಒಂದು ಸಲ ಫೋನ್ ಬಂತು ಅಂತ ಒಳಗೆ ಹೋಗಿ ಮಾತಾಡಿ ಬರುವಷ್ಟರಲ್ಲಿ ಎಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿ ಕೂತಿತ್ತು.

ಇದು ಎಲ್ಲದಕ್ಕೂ ಆಗುವುದಿಲ್ಲ. ಸತುವಿನ ಲೇಪ ಇರುವ ಬಾನೆಟ್ ಕ್ಲಿಪ್ಪನ್ನು ಹಾಕಿ ಹಾಳು ಮಾಡಿದೆ, ತುಕ್ಕಿನ ಜೊತೆ ಲೇಪವೂ ಹೋಯಿತು. ಕಾರ್ಬುರೇಟರ್ ಅಲ್ಯುಮಿನಿಯಮ್, ಅದನ್ನು ಹತ್ತಿರಕ್ಕೂ ತರಬೇಡಿ. ಗಟ್ಟಿ ಉಕ್ಕಿನ ಸ್ಪ್ರಿಂಗುಗಳನ್ನೂ ಹಾಕಬೇಡಿ, ಏಳುವ ಗುಳ್ಳೆ ಹೈಡ್ರೋಜನ್, ಅದು ಒಳಗೆ ಸೇರಿಕೊಂಡರೆ ಉಕ್ಕು ಪೆಡಸಾಗಿ ಮುರಿಯುತ್ತದೆ. ಅದಕ್ಕೇ ಡಬ್ಬದ ಮುಚ್ಚಳ ಬಿಗಿಯಾಗಿ ಹಾಕಬಾರದು, ಬೆಂಕಿಯೂ ಹತ್ತಿರ ಇರಬಾರದು.

ಪೆಟ್ರೋಲ್ ಟ್ಯಾಂಕಿಗೆ ಮಾತ್ರ ಇದಕ್ಕಿಂತ ಸುಲಭದ ದಾರಿ ನಾನು ನೋಡಿಲ್ಲ. ಟ್ಯಾಂಕನ್ನು ಇಳಿಸಿ, ವಾಸನೆ ಹೋಗುವವರೆಗೆ ಸೋಪಿನ ನೀರಲ್ಲಿ ತೊಳೆದು, 20 ಲೀಟರ್ ದ್ರಾವಣದ ಜೊತೆ ಒಂದು ಹಿಡಿ ನಟ್ಟು ಹಾಕಿ, ನಾಲ್ಕು ದಿನ ಮಗ್ಗುಲು ಬದಲಿಸುತ್ತಾ ಕುಲುಕಿದೆ. ಕಾಫಿ ಫಿಲ್ಟರ್‌ನ ಚರಟದ ಹಾಗೆ ಕಪ್ಪಗೆ ಸುರಿಯಿತು. ಕೊನೆಗೆ ನಟ್ಟು ಎಣಿಸಿದರೆ ಒಂದು ಕಮ್ಮಿ. ಅದನ್ನು ಹುಡುಕಿ ತೆಗೆಯೋಕೆ ಒಂದು ಭಾನುವಾರ ಹೋಯಿತು.

ಇದಕ್ಕೆ ಮುಂಚೆ ಒಂದು ಅಂಗಡಿಯವರು ಹೊಗಳಿ ಹೊಗಳಿ ಕೊಟ್ಟ ‘ತುಕ್ಕನ್ನೇ ಪ್ರೈಮರ್ ಮಾಡುವ’ ಬಾಟಲ್ ತಂದಿದ್ದೆ, 24 ಪೌಂಡ್. ಹಚ್ಚಿದ ದಿನ ಚೆನ್ನಾಗಿತ್ತು. ಮೂರು ತಿಂಗಳಿಗೆ ಬಣ್ಣ ಹಪ್ಪಳದ ಹಾಗೆ ಉಬ್ಬಿತು. ವಾಪಸ್ ಕೇಳಿದರೆ ನೀವು ಸರಿಯಾಗಿ ಹಚ್ಚಿಲ್ಲ ಅಂದರು.

ನಿಂಬೆ ಉಪ್ಪು ಮುಚ್ಚಿಡುವುದಿಲ್ಲ, ನನಗೆ ಹಿಡಿಸಿದ್ದು ಅದೇ. ಮುಂದಿನ ಚಕ್ರವನ್ನು ಹಿಡಿಯುವ ಉಕ್ಕಿನ ಕಂಬ ಇದೆಯಲ್ಲ, ವರ್ಟಿಕಲ್ ಲಿಂಕ್, ಅದರ ಕೆಳತುದಿಯ ತಿರುಪು ಟ್ರನಿಯನ್ ಅನ್ನುವ ಕಂಚಿನ ತುಂಡಿನೊಳಗೆ ತಿರುಗುತ್ತದೆ. ಅಲ್ಲಿಗೆ ಇಪಿ 90 ಗೇರ್ ಎಣ್ಣೆ ಹಾಕಬೇಕು, ಗ್ರೀಸಲ್ಲ. ಹಿಂದಿನವರು ಗ್ರೀಸ್ ತುಂಬಿದ್ದರು, ಅದು ಒಣಗಿ ಕಲ್ಲಾಗಿತ್ತು. ರಾತ್ರಿ ನೆನೆಸಿ ಬೆಳಗ್ಗೆ ಉಜ್ಜಿದರೆ ತಿರುಪಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ಗುಂಡಿಗಳು. ತುಕ್ಕು ಇದ್ದಾಗ ಅದು ಗಟ್ಟಿಯಾಗಿಯೇ ಕಾಣುತ್ತಿತ್ತು! ಓಡುವಾಗ ಅಲ್ಲಿ ಮುರಿದರೆ ಚಕ್ರ ಮಡಚಿಕೊಳ್ಳುತ್ತದೆ. ಎರಡೂ ಕಡೆ ಹೊಸದು ಹಾಕಿದೆ, ಟ್ರನಿಯನ್ ಸಮೇತ.

ಇನ್ನು ಸಿಲ್, ಅಂದರೆ ಬಾಗಿಲ ಕೆಳಗಿನ ಹೊಸ್ತಿಲು. ಅದಕ್ಕೆ ಯಾವ ಪುಡಿಯೂ ಬೇಡ, ಕಬ್ಬಿಣ ಕತ್ತರಿಸುವ ಗ್ರೈಂಡರ್ ತನ್ನಿ. ಚಾಸಿ ಬೇರೆ ಇದ್ದರೂ ಸ್ಪಿಟ್‌ಫೈರ್‌ನಲ್ಲಿ ಗಟ್ಟಿತನ ಸುಮಾರಿಗೆ ಸಿಲ್‌ಗಳದ್ದೇ. ಬಾಗಿಲಿನ ಜಾಗಕ್ಕೆ ಅಡ್ಡ ಸರಳು ಬಿಗಿಯದೆ ಕತ್ತರಿಸಿದರೆ ನಡು ಕುಸಿದು, ಬಾಗಿಲು ಮತ್ತೆ ಕೂರುವುದೇ ಇಲ್ಲ. ವೆಲ್ಡಿಂಗ್ ನನಗೆ ಬರುವುದಿಲ್ಲ, ಗೊತ್ತಿರುವವರಿಗೆ ಕೊಟ್ಟೆ.

ಐದಕ್ಕೆ ನಾಲ್ಕು ಅಂಕ. ಒಂದು ಕಡಿಮೆ ಯಾಕೆ ಅಂದರೆ ಚೀಲಕ್ಕೆ ಜಿಪ್ ಇಲ್ಲ, ತೇವಕ್ಕೆ ಪುಡಿ ಹೆಂಟೆ ಕಟ್ಟಿ ಸುತ್ತಿಗೆಯಲ್ಲಿ ಒಡೆಯಬೇಕಾಯಿತು. ಇನ್ನು ಅರ್ಧ ಕಿಲೋ ಉಳಿದಿದೆ. ಹ್ಯಾಂಡ್‌ಬ್ರೇಕಿನ ಕಡ್ಡಿಗಳಿಗೆ ಅಂತ ಇಟ್ಟುಕೊಂಡಿದ್ದೆ, ಅಮ್ಮ ಹೋದ ವಾರ ಎರಡು ಚಮಚ ತೆಗೆದುಕೊಂಡು ಕೆಟಲಿನ ಸುಣ್ಣ ಬಿಡಿಸಿದಳು.